ಕೆಳಮನೆಯ ಮೀಟರು

ಮೀಟರ್ ಬದಲಿಸಲು ಬಂದ ಲೈನ್‌ಮನ್ ಕೆಳಗಿನ ಬಾಡಿಗೆ ಮನೆಯ ಫ್ಯೂಸ್ ಕಿತ್ತ ಕೂಡಲೇ, ಮೇಲಿನ ಮಹಡಿಯಲ್ಲಿ ಮಾಲೀಕನ ಮನೆಯ ಎಸಿ ನಿಂತುಹೋಯಿತು. "ರೀ, ಕರೆಂಟ್ ಹೋಯ್ತಾ?" ಎಂದು ಅವನ ಹೆಂಡತಿ ಮೆಟ್ಟಿಲ ಮೇಲಿಂದ ಕೂಗಿದಳು.

ತನ್ನ ಒಪ್ಪಿಗೆಯಿಲ್ಲದೆ ಬಾಡಿಗೆ ಮನೆಯ ಮೀಟರ್ ಮುಟ್ಟುವಂತಿಲ್ಲ, ರೂಲ್ಸೇ ಹಾಗಿದೆ ಎಂದು ಇಷ್ಟು ಹೊತ್ತು ಕೆಳಮನೆಯ ಬಾಗಿಲಲ್ಲಿ ನಿಂತು ವಾದಿಸುತ್ತಿದ್ದ ಮಾಲೀಕ ಈಗ ಹಲ್ಲು ಕಿರಿದ. "ತಪ್ಪು ತಿಳ್ಕೋಬೇಡಿ ಅಕ್ಕಾ. ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ. ಹಳೇದೇ ಇರ್ಲಿ ಬಿಡಿ" ಎನ್ನುತ್ತ ಬಾಡಿಗೆಯವಳ ಭುಜದ ಮೇಲೆ ಕೈಯಿಟ್ಟ.

ಬಿಲ್ಲು ಜಾಸ್ತಿ ಬಂದಾಗಲೆಲ್ಲ "ಫ್ಯಾನ್ ಕಮ್ಮಿ ಹಾಕಿ" ಎಂದು ಬುದ್ಧಿ ಹೇಳಿದ್ದು ಇದೇ ಬಾಯಿ. ಅದನ್ನು ನಂಬಿ ಅವಳು, ಹಾಸಿಗೆ ಹಿಡಿದ ಅತ್ತೆಯ ಫ್ಯಾನನ್ನು ಮಧ್ಯಾಹ್ನದ ಸೆಕೆಯಲ್ಲೂ ಆರಿಸುತ್ತಿದ್ದಳು. ಅತ್ತೆಯ ಬೆನ್ನು ಬೆವರಿ ಬೆವರಿ ಹುಣ್ಣಾಗಿತ್ತು. ದಿನವೂ ಕೀವಿಗೆ ಅಂಟಿದ ಬಟ್ಟೆಯನ್ನು ಬಿಡಿಸುವಾಗ ಮುದುಕಿ ನರಳುತ್ತಿದ್ದಳು.

ಅವನ ಕೈಯನ್ನು ತಳ್ಳಿಹಾಕಿದಳು. "ಹೊಸ ಮೀಟರ್ ಹಾಕಣ್ಣ. ಅದಕ್ಕಿಂತ ಮೊದಲು ಮೇಲಕ್ಕೆ ಹೋಗಿರೋ ವೈರ್ ಕತ್ತರಿಸು."

"ಓನರು ಏನಂತಾರೋ..." ಲೈನ್‌ಮನ್ ಅನುಮಾನಿಸಿದ.

"ನನ್ನ ಮೀಟರಿಂದ ಹೋಗಿರೋ ವೈರಿಗೆ ಅವನ ಒಪ್ಪಿಗೆ ಯಾಕೆ? ಅಸಹ್ಯ ಆಗ್ತಿದೆ ಕಣಣ್ಣ. ಕತ್ತರಿಸು."

ಲೈನ್‌ಮನ್ ಮಾಲೀಕನ ಮುಖವನ್ನೊಮ್ಮೆ ನೋಡಿದ. ಆಮೇಲೆ ಕಟಿಂಗ್ ಪ್ಲೇಯರ್ ಎತ್ತಿಕೊಂಡ.