ಮೂರು ಬಾಟಲಿ

"ಮೇಡಂ, ಮೀನು ಈಗ ಹಿಡೀಲೇನ್ರಿ, ಸಂಕ್ರಾಂತಿ ತನಕ ತಡೀಲೇನ್ರಿ?" ಕೆರೆ ದಂಡೆಯಲ್ಲಿ ನಿಂತು ಸುಗಲಮ್ಮ ಕೇಳಿದಳು. ಯಾದಗಿರಿ ಕಡೆಯಿಂದ ಮಹಾನಗರದ ಅಂಚಿನ ಮಾದಾಪುರಕ್ಕೆ ಬಂದು ಆರು ವರ್ಷ ಗಾಜಿನ ಕಟ್ಟಡಗಳಿಗೆ ಸಿಮೆಂಟು ಹೊತ್ತವಳು. ಈ ವರ್ಷ ಕೆರೆಯ ಮೀನು ಗುತ್ತಿಗೆ ಹಿಡಿದು, ಮರಿ ಬಿಟ್ಟು, ದಿನಾ ತೌಡು ಹಾಕಿ ಸಾಕಿದ್ದಳು. ಇನ್ನು ತಲೆ ಮೇಲೆ ಬುಟ್ಟಿ ಇಡುವುದಿಲ್ಲ ಎಂದು ಹಟ ತೊಟ್ಟಿದ್ದಳು.

ನೀರು ಪರೀಕ್ಷೆ ಮಾಡುವ ಕಂಪನಿಯ ತನ್ವಿ ಮೈಸೂರಿನವಳು. ತಾಳ್ಮೆಯಿಂದಲೇ ಬಿಡಿಸಿ ಹೇಳಿದಳು. "ಬಿಸಿಲಿಗೆ ಕಾದ ನೀರು ಮೇಲೇ ನಿಲ್ಲುತ್ತೆ, ತಣ್ಣಗಿರೋದು ತಳದಲ್ಲಿ. ಎರಡೂ ಬೆರೆಯೋಲ್ಲ. ಗಾಳಿ ಸಿಗದೆ ತಳದ ನೀರು ಕೊಳೆಯುತ್ತೆ. ಚಳಿ ಬಿದ್ದಾಗ ಮೇಲಿನದೂ ತಣ್ಣಗಾಗಿ ಕೆಳಗಿಳಿಯುತ್ತೆ, ತಳದ್ದು ಮೇಲೇಳುತ್ತೆ. ಮೀನು ಸಾಯೋದು ಆಗಲೇ. ಆದ್ರೆ ನಿಮ್ಮ ಕೆರೆಗೆ ಆ ಭಯ ಇಲ್ಲ. ಆರು ತಿಂಗಳಿಂದ ಮೇಲಿಂದು, ನಡುವಿಂದು, ತಳದ್ದು, ಮೂರು ಬಾಟಲೀನೂ ಒಂದೇ ಥರ ಚೆನ್ನಾಗಿದೆ. ತಡೀರಿ, ಮೀನು ಇನ್ನೂ ತೂಕ ಬರ್ತವೆ."

ಆ ಬಾಟಲಿಗಳನ್ನು ತುಂಬಿ ಕೊಡುತ್ತಿದ್ದವನು ಸುಗಲಮ್ಮನ ಗಂಡ ಅಂಬಣ್ಣ. ದೋಣಿಯ ಪಕ್ಕ ಕೂತು ಹಗ್ಗ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

ಮೊದಲೆರಡು ಸಲ ಅವನು ಬಾಟಲಿ ಕಟ್ಟಿದ ಹಗ್ಗ ಪೂರ್ತಿ ಇಳಿಬಿಟ್ಟು ತಳದ ನೀರನ್ನೇ ತಂದಿದ್ದ. ಕೊಳೆತ ಮೊಟ್ಟೆಯ ನಾತ. ಆಗಿನ್ನೂ ಕೆಲಸಕ್ಕೆ ಹೊಸಬಳಾದ ಇದೇ ತನ್ವಿ ಮೂಗು ಮುಚ್ಚಿಕೊಂಡು ಬಾಟಲಿ ವಾಪಸು ಕೊಟ್ಟಿದ್ದಳು. "ತೊಳೆದು ತರೋಕಾಗಲ್ವಾ ಅಂಬಣ್ಣ? ಎಸಿ ರೂಮೆಲ್ಲ ಗಬ್ಬು. ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ." ಅವನು ಬಾಟಲಿಯನ್ನು ಬೂದಿ ಹಾಕಿ ತಿಕ್ಕಿದ, ಹುಣಸೆಹಣ್ಣು ಹಾಕಿ ತಿಕ್ಕಿದ. ನಾರುತ್ತಿದ್ದದ್ದು ಕೆರೆಯ ತಳ. ಬಾಟಲಿ ತಿಕ್ಕಿ ಏನು ಬಂತು? ಮೂರನೇ ಸಲದಿಂದ ದೋಣಿಯಲ್ಲಿ ಕೂತಲ್ಲೇ ಕೈ ಅದ್ದಿ ಮೂರನ್ನೂ ಮೇಲಿನ ನೀರಿನಿಂದಲೇ ತುಂಬಿದ. ಆಮೇಲೆ ಯಾರೂ ಮೂಗು ಮುಚ್ಚಲಿಲ್ಲ.

"ಮೇಡಂ ಓದಿದಾಕಿ. ಸಂಕ್ರಾಂತಿ ತನಕ ಬಿಡೂಣು. ಏನಂತೀರಿ?" ಗುಡಿಸಲಿಗೆ ಹೋಗುವಾಗ ಸುಗಲಮ್ಮ ಕೇಳಿದಳು.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ? ಈ ವರ್ಷ ಚಳಿ ಅಷ್ಟೇನೂ ಬೀಳಲಿಕ್ಕಿಲ್ಲ ಎಂದು ಅಂಬಣ್ಣ ತನಗೆ ತಾನೇ ಹೇಳಿಕೊಂಡ. ಪುಕ್ಕಲ. "ಹೂಂ," ಅಂದ.

ಡಿಸೆಂಬರಿನಲ್ಲಿ ಮೂರು ದಿನ ಮೋಡ ಕವಿದು ಥಂಡಿ ಗಾಳಿ ಬೀಸಿತು. ನಾಲ್ಕನೇ ಬೆಳಿಗ್ಗೆ ಕೆರೆ ಕಪ್ಪಾಗಿತ್ತು. ದಂಡೆಯ ಉದ್ದಕ್ಕೂ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಸುಗಲಮ್ಮ ಸೊಂಟದ ತನಕ ನೀರಿಗಿಳಿದು, ಇನ್ನೂ ಬಾಯಿ ಆಡಿಸುತ್ತಿದ್ದ ಒಂದು ಕಾಟ್ಲಾ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಅದೂ ಸುಮ್ಮನಾಯಿತು.

ಫೋನು ಹೋದ ಗಂಟೆಯೊಳಗೆ ತನ್ವಿ ಕ್ಯಾಬಿನಲ್ಲಿ ಬಂದಳು. "ಹೇಗೆ ಸಾಧ್ಯ? ರಿಪೋರ್ಟೆಲ್ಲ ಸರಿಯಾಗಿತ್ತು. ಯಾರೋ ವಿಷ ಹಾಕಿರಬೇಕು. ಅಂಬಣ್ಣ, ಬೇಗ ಮೂರು ಬಾಟಲಿ ತುಂಬಿ ತನ್ನಿ."

ಅಂಬಣ್ಣ ದೋಣಿ ತೆಗೆದ. ಇವತ್ತು ಹಗ್ಗವನ್ನು ತಳ ಮುಟ್ಟುವವರೆಗೆ ಬಿಟ್ಟ. ಬಂದವನೇ ಮೂರು ಬಾಟಲಿಗಳನ್ನೂ ಸಾಲಾಗಿ ಇಟ್ಟು ಮುಚ್ಚಳ ತೆಗೆದ. ತನ್ವಿಯ ದುಪಟ್ಟಾ ಮೂಗಿಗೆ ಹೋಯಿತು.

"ಮೂರೂ ಒಂದೇ ಅದಾವ್ರಿ ಮೇಡಂ," ಅಂದ ಅಂಬಣ್ಣ, ನೀರಲ್ಲೇ ನಿಂತಿದ್ದ ಹೆಂಡತಿಯನ್ನು ನೋಡುತ್ತ. "ಈ ಸಲ ಖರೇನ."