ಏಣಿ ಹಿಡಿದವನ ಸಾಕ್ಷಿ

“ರೀ, ಅಪ್ಪ ಎಚ್ಚರ ತಪ್ಪಿ ಬಿದ್ರಾ, ಬಿದ್ದ ಮೇಲೆ ಎಚ್ಚರ ತಪ್ಪಿತಾ? ಡಾಕ್ಟ್ರು ಅಷ್ಟೇ ಕೇಳ್ತಿದಾರೆ. ಬೇಗ ಹೇಳಿ,” ಎಂದಳು ಹೆಂಡತಿ.

ಪೇಂಟರ್ ಮಾವನಿಗೆ ಏಣಿ ಹಿಡಿಯುವ ಅಳಿಯ ಕ್ಲಿನಿಕ್ಕಿನ ಪರದೆಯತ್ತ ತಿರುಗಿದ. ಪರದೆಯಾಚೆ ಮಾವ ಮಿಸುಕಾಡದೆ ಮಲಗಿದ್ದರು. ಈಚೆ ನಿಂತ ಡಾಕ್ಟರಮ್ಮನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ತಲೆಗೇನೂ ಪೆಟ್ಟಾಗಿಲ್ಲ ಎಂದು ಅವರು ನೋಡಿಯಾಗಿತ್ತು. ಆದರೆ ಬೀಳುವ ಮೊದಲೇ ಎಚ್ಚರ ತಪ್ಪಿದ್ದರೆ ಹೃದಯದ್ದೇ ತೊಂದರೆ. ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಸಾಗಿಸಬೇಕು.

“ನಾನು ನೋಡ್ಲಿಲ್ಲ ಕಣೇ. ಏಣಿ ಹಿಡಿದವನು ಮೇಲೆ ನೋಡಿದ್ರೆ ಕಣ್ಣಿಗೆ ಬಣ್ಣ ತೊಟ್ಟಿಕ್ಕುತ್ತೆ.”

“ಮತ್ತೆ ಅಪ್ಪ ನೆಟ್ಟಗಿದಾರೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

“ಶಿಳ್ಳೆ. ಮೇಲಿದ್ದಷ್ಟು ಹೊತ್ತೂ ಹಾಕ್ತಿರ್ತಾರೆ. ಶಿಳ್ಳೆ ನಿಂತ್ರೆ ನಾನು ಕೂಗಬೇಕು. ಇವತ್ತು ಹಾಕ್ತಾ ಹಾಕ್ತಾನೇ ಬಿದ್ಬಿಟ್ರು.”

ಹೆಂಡತಿ ಶಾಲೆಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು ತಿರುಗಿದಳು. “ಹಿ ವಿಸಲ್ಡ್. ಹಿ ಫೆಲ್.”

ಡಾಕ್ಟರಮ್ಮನ ಮುಖ ಬಿಗಿಯಿತು. ಶಿಳ್ಳೆ ಹಾಕಿ ಮುಗಿಯಿತು, ಆಮೇಲೆ ಬಿದ್ದರು. ಅಂದರೆ ಬೀಳುವ ಮೊದಲೇ ಎಚ್ಚರ ತಪ್ಪಿದೆ ಎಂದುಕೊಂಡು ಅವರು ಆಂಬ್ಯುಲೆನ್ಸಿಗಾಗಿ ಫೋನ್ ಎತ್ತಿದರು.

“ಏನಂದೆ ಮಹಾತಾಯಿ?”

“ಶಿಳ್ಳೆ ಹಾಕಿದ್ರು, ಬಿದ್ರು ಅಂದೆ.”

“ಹಾಕಿದ್ರು ಅಲ್ವೇ, ಹಾಕ್ತಾ ಇದ್ರು!”

“ಹಾಗಾದ್ರೆ ‘ಇಂಗ್’ ಸೇರಿಸಬೇಕಿತ್ತು. ಸೇರಿಸಿದ್ರೆ ಇನ್ನೂ ಹಾಕ್ತಿದಾರೆ ಅಂದ್ಕೊಂಡ್ಬಿಟ್ರೆ?” ಅವಳ ಕಣ್ಣು ತುಂಬಿತು. “ಪರೀಕ್ಷೇಲಿ ಇದು ಎರಡೇ ಮಾರ್ಕಿಂದು. ಬಿಟ್ಬಿಟ್ಟಿದ್ದೆ.”

ಅಳಿಯ ಇನ್ನು ತಡೆಯಲಿಲ್ಲ. ಕುರ್ಚಿ ಎಳೆದು ಹತ್ತಿ ನಿಂತ. ಬರಿಗೈಯಲ್ಲಿ ಗಾಳಿಗೆ ಬಣ್ಣ ಬಳಿಯುತ್ತ ಶಿಳ್ಳೆ ಶುರುಮಾಡಿದ. ಹಾಗೇ ಶಿಳ್ಳೆ ಹಾಕುತ್ತಲೇ ಧೊಪ್ಪೆಂದು ಕೆಳಕ್ಕೆ ಬಿದ್ದ. ನೆಲ ತಾಗಿದ ಮೇಲೆಯೇ ಶಿಳ್ಳೆ ನಿಂತದ್ದು. ಸಾಲದೇನೋ ಎಂದು ಎದ್ದು ಇನ್ನೊಮ್ಮೆ ಬಿದ್ದು ತೋರಿಸಿದ.

ಡಾಕ್ಟರಮ್ಮ ಫೋನ್ ಕೆಳಗಿಟ್ಟರು. ತುಟಿಯ ಮೇಲಿಟ್ಟ ಬೆರಳನ್ನು ಮೆಲ್ಲಗೆ ನೆಲದವರೆಗೂ ಇಳಿಸಿ, ಅಲ್ಲಿಯತನಕವೂ ಶಿಳ್ಳೆ ಇತ್ತೇ ಎಂಬಂತೆ ಹುಬ್ಬೇರಿಸಿದರು. ಗಂಡ ಹೆಂಡಿರಿಬ್ಬರೂ ಕತ್ತು ಕಳಚಿ ಬೀಳುವಷ್ಟು ತಲೆಯಾಡಿಸಿದರು. ಡಾಕ್ಟರಮ್ಮ ನಕ್ಕರು. ಕಾಲು ಜಾರಿದೆ, ಪಾದ ಉಳುಕಿದೆ, ನೋವಿಗೆ ಕಣ್ಣು ಕತ್ತಲಿಟ್ಟಿದೆ. ಪಟ್ಟಿ ಕಟ್ಟಿದರೆ ಸಾಕು ಎಂದರು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಪರದೆಯಾಚೆಯಿಂದ ಮಾವನ ಗೊಗ್ಗರು ದನಿ ಬಂತು. “ಅಳಿಯ ದೇವರು ಇಲ್ಲೇನು ಮಾಡ್ತಿದಾರೆ? ಗೋಡೆ ಅರ್ಧಕ್ಕೇ ನಿಂತಿದೆ. ಅಂಚು ಒಣಗಿದ್ರೆ ನಡುವೆ ಗೆರೆ ಕಾಣುತ್ತೆ. ಆಮೇಲೆ ಎರಡನೇ ಸಲ ಬಳಿದ್ರೂ ಮುಚ್ಚಲ್ಲ.”

ಏನಂತೆ ಎಂಬಂತೆ ಡಾಕ್ಟರಮ್ಮ ಅಳಿಯನತ್ತ ನೋಡಿದರು. ಈ ಸಲ ಅವನು ಹೆಂಡತಿಯ ಮುಖ ನೋಡಲಿಲ್ಲ.

“ಹಿ ಈಸ್ ಪೇಂಟಿಂಗ್,” ಎಂದ.