ಅರವತ್ತೆರಡು ಪೈಲಟ್‌ಗಳು... ಒಬ್ಬರೂ ಬಾಯಿ ಬಿಡಲಿಲ್ಲ!

ಅಂದು ಬೆಳಿಗ್ಗೆ ಮಂದಾಕಿನಿಗೆ ತಲೆ ಕೆಟ್ಟುಹೋಗಿತ್ತು...

ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಅವಳು ಸೇಫ್ಟಿ ಆಫೀಸರ್. ಎಂಟು ತಿಂಗಳಿಂದ ಪೈಲಟ್‌ಗಳಿಗೆ ಒಂದೇ ಮನವಿ ಮಾಡುತ್ತಿದ್ದಳು.

"ಹಾರಾಟದಲ್ಲಿ ಏನೇ ತೊಂದರೆ ಕಂಡರೂ ಬರೆದು ಕಳಿಸಿ. ಎಷ್ಟೇ ಚಿಕ್ಕದಿರಲಿ. ನಿಮ್ಮ ಹೆಸರು ಹೊರಗೆ ಬರುವುದಿಲ್ಲ."

ಇಮೇಲ್ ಕಳಿಸಿದಳು. ಪೋಸ್ಟರ್ ಅಂಟಿಸಿದಳು. ವಾಟ್ಸಾಪ್ ಗ್ರೂಪಿನಲ್ಲಿ ಕೈ ಮುಗಿದಳು...

ಅರವತ್ತೆರಡು ಪೈಲಟ್‌ಗಳಿಂದ ಬಂದದ್ದು ಒಂದೇ ಒಂದು ಪತ್ರ. "ಕ್ಯಾಂಟೀನ್ ಇಡ್ಲಿ ಕಲ್ಲಿನ ಹಾಗಿದೆ."

ಆ ಹಾಳೆ ಹಿಡಿದುಕೊಂಡೇ ಪೈಲಟ್‌ಗಳ ಕೋಣೆಗೆ ನುಗ್ಗಿದಳು. ಹಿರಿಯ ಪೈಲಟ್ ಕ್ಯಾಪ್ಟನ್ ಬೋಪಯ್ಯ ಒಬ್ಬರೇ ಕಾಫಿ ಕುಡಿಯುತ್ತಿದ್ದರು.

"ಏನ್ ಸರ್ ಇದು? ನೂರಾರು ಜನರ ಪ್ರಾಣ ನಿಮ್ಮ ಕೈಲಿರುತ್ತೆ. ನಾಲ್ಕು ಸಾಲು ಬರೆಯೋಕೆ ಯಾರಿಗೂ ಪುರಸೊತ್ತಿಲ್ವಾ?"

ಬೋಪಯ್ಯ ಲೋಟ ಕೆಳಗಿಟ್ಟರು.

"ನಾನು ಬರ್ದಿದ್ದೆ ಮೇಡಂ. ಮೂರು ವರ್ಷದ ಹಿಂದೆ. ಅದೂ ಮೂರು ಸಲ."

"ಏನಂತ?"

"ನಮ್ಮ ಎರಡು ವಿಮಾನ ಬೆಳಿಗ್ಗೆ ಒಂದೇ ಹೊತ್ತಿಗೆ ಆಕಾಶದಲ್ಲಿರ್ತವೆ. ಒಂದರ ನಂಬರ್ 517, ಇನ್ನೊಂದರದು 571. ಕಂಟ್ರೋಲ್ ಟವರ್‌ನವರು ರೇಡಿಯೋದಲ್ಲಿ ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಅಂತ ಕೇಳ್ಸುತ್ತೆ. ಒಂದು ನಂಬರ್ ಬದಲಾಯಿಸಿ ಅಂದೆ, ಅಷ್ಟೇ."

"ಆಮೇಲೆ?"

"ಆಮೇಲೇನು... ಇವತ್ತಿಗೂ ಅದೇ ನಂಬರ್. ಒಂದು ಉತ್ತರಾನೂ ಇಲ್ಲ. ಬೋಪಯ್ಯನ ಮಾತಿಗೇ ಬೆಲೆಯಿಲ್ಲ, ನಮ್ಮದ್ಯಾರು ಕೇಳ್ತಾರೆ ಅಂತ ಉಳಿದವ್ರೂ ಸುಮ್ಮನಾದ್ರು."

ಮಂದಾಕಿನಿಯ ಸಿಟ್ಟು ಈಗ ಬೇರೆ ಕಡೆ ತಿರುಗಿತು. ಯಾವ ಪುಣ್ಯಾತ್ಮ ಈ ಪತ್ರಗಳನ್ನು ಮೂಲೆಗೆ ಹಾಕಿದ್ದು? ಇವತ್ತು ಅವನ ಗ್ರಹಚಾರ ಬಿಡಿಸಬೇಕು!

ಊಟ ಬಿಟ್ಟು ಹಳೇ ಫೈಲುಗಳನ್ನೆಲ್ಲ ಕೆದಕಿದಳು. ಧೂಳಿಗೆ ಸೀನಿ ಸೀನಿ ಸಾಕಾಯಿತು. ಕೊನೆಗೆ ಮೂರೂ ಪತ್ರ ಸಿಕ್ಕವು.

ಮೂರನೆಯದರ ಅಂಚಿನಲ್ಲಿ ಯಾರೋ ಬರೆದಿದ್ದರು... "ಮುಂದಿನ ಟೈಮ್‌ಟೇಬಲ್‌ನಲ್ಲಿ ನೋಡೋಣ."

ಕೆಳಗೆ ಸಹಿ.

ಅದು ಅವಳದೇ ಸಹಿ!

ಆಗ ಅವಳು ಟೈಮ್‌ಟೇಬಲ್ ವಿಭಾಗದಲ್ಲಿದ್ದಳು. ಮೇಜಿನ ತುಂಬ ಕಾಗದ. ಒಂದು ಸಾಲು ಗೀಚಿ ಪಕ್ಕಕ್ಕಿಟ್ಟವಳು ಮತ್ತೆ ಅದರ ಕಡೆ ನೋಡಿರಲಿಲ್ಲ...

ಮರುದಿನದ ಮೀಟಿಂಗ್‌ನಲ್ಲಿ ಇಪ್ಪತ್ತು ಪೈಲಟ್‌ಗಳ ಮುಂದೆ ಆ ಪತ್ರವನ್ನು ಗಟ್ಟಿಯಾಗಿ ಓದಿದಳು.

"ಇದನ್ನು ಮೂಲೆಗೆ ಹಾಕಿದವಳು ನಾನೇ. ಹಾಕಿ, ನಿಮ್ಮನ್ನೇ ಬೈತಾ ಇದ್ದೆ. ಕ್ಷಮಿಸಿ ಬೋಪಯ್ಯ ಸರ್..."

ಹಿಂದಿನ ಸಾಲಿನಿಂದ ಇಂಚರಾ ಎದ್ದು ನಿಂತಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಕೋ-ಪೈಲಟ್.

"ಮೇಡಂ... ಹೋದ ಮಂಗಳವಾರ ನಾನು 571ರಲ್ಲಿದ್ದೆ. 517ಕ್ಕೆ ಕೆಳಗಿಳೀರಿ ಅಂದಿದ್ದು ನಮಗೇ ಅಂದ್ಕೊಂಡು ಇಳಿಸೋಕೆ ಶುರು ಮಾಡ್ದೆ. ನಮ್ಮ ಕೆಳಗೆ ಇನ್ನೊಂದು ವಿಮಾನ ಇತ್ತು. ಪಕ್ಕದಲ್ಲಿದ್ದ ಕ್ಯಾಪ್ಟನ್ ತಡೆದ್ರು..."

ಅವಳು ತಲೆ ತಗ್ಗಿಸಿದಳು. "ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳ್ಲಿಲ್ಲ ಮೇಡಂ."

ಮಂದಾಕಿನಿ ಕುರ್ಚಿ ಹಿಡಿದು ಕೂತುಬಿಟ್ಟಳು. ಕಣ್ಣೀರು ತಡೆಯಲಾಗಲಿಲ್ಲ. ಒಂದು ನಂಬರ್... ಬರೀ ಒಂದು ನಂಬರ್ ಬದಲಾಯಿಸಬೇಕಿತ್ತು!

ಅಲ್ಲಿಂದ ನೇರ ಮ್ಯಾನೇಜರ್ ಕೋಣೆಗೆ ಹೋದಳು.

"ಈಗ ಸೀಸನ್ ಮಧ್ಯೆ ಕಷ್ಟ. ಮುಂದಿನ ಸಲ ನೋಡೋಣ," ಎಂದರು ಅವರು.

"ಮೂರು ವರ್ಷದ ಹಿಂದೆ ನಾನೂ ಇದನ್ನೇ ಬರ್ದಿದ್ದೆ ಸರ್. ನೀವು ಸಹಿ ಹಾಕೋವರೆಗೂ ನಾನು ಇಲ್ಲಿಂದ ಕದಲಲ್ಲ."

ಒಂಬತ್ತನೇ ದಿನ ನಂಬರ್ ಬದಲಾಯಿತು.

ಅಂದೇ ಬೋಪಯ್ಯನವರಿಗೆ ಅವಳ ಕೈಬರಹದ ಪತ್ರ ಹೋಯಿತು. "571 ಇನ್ನು ಮುಂದೆ 862. ತಡವಾಗಿದ್ದಕ್ಕೆ ಕ್ಷಮೆ ಇರಲಿ."

ಅವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದಿನ ತಿಂಗಳು ಹತ್ತೊಂಬತ್ತು ಪತ್ರ ಬಂದವು. ನಾಲ್ಕರಲ್ಲಿ ಮಂದಾಕಿನಿಯ ವಿಭಾಗಕ್ಕೇ ಬೈಗುಳ! ಹತ್ತೊಂಬತ್ತಕ್ಕೂ ಅವಳೇ ಕೂತು ಉತ್ತರ ಬರೆದಳು. ಆಗದ್ದಕ್ಕೆ ಯಾಕೆ ಆಗದು ಅಂತಲೂ ಬರೆದಳು.

*

ಹೊಸದಾಗಿ ಅಭಿಪ್ರಾಯ ಕೇಳುವ ಮೊದಲು, ಹಿಂದೆ ಹೇಳಿದವರಿಗೆ ಉತ್ತರ ಕೊಡಿ.

ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ, ಹೇಳಿ ಹೇಳಿ ಸಾಕಾಗಿ ಮಾತು ನಿಲ್ಲಿಸಿದವರು ಯಾರಾದರೂ ಇದ್ದಾರಾ...?